ಚರಗ ಬಿದ್ದ ಜಾಗ

ಕಾರಲದಿನ್ನಿಯ ಹೊಲಗಳಲ್ಲಿ ಹದಿಮೂರು ವರ್ಷಗಳಿಂದ ಅಗಲ ಎಲೆಯ ಗಿಡ ಒಂದೂ ಬದುಕಿರಲಿಲ್ಲ. ತೊಗರಿ ಇಲ್ಲ, ಪುಂಡಿ ಇಲ್ಲ, ಮೆಣಸಿನ ಗಿಡ ಇಲ್ಲ, ಬೇಲಿಯ ಮೇಲೆ ಹಬ್ಬುವ ಹೀರೆಬಳ್ಳಿಯೂ ಇಲ್ಲ. ಕಾಲುವೆಯ ಎರಡೂ ದಂಡೆಗೆ ಕಣ್ಣು ಹಾಯುವಷ್ಟು ದೂರ ಭತ್ತವೊಂದೇ. ಅದೂ ಒಂದೇ ತಳಿ. ಕಸದೆಣ್ಣೆ ಹೊಡೆದರೆ ಕಸವೆಲ್ಲ ಸಾಯಬೇಕು, ಭತ್ತ ಮಾತ್ರ ನಿಲ್ಲಬೇಕು ಎಂದು ಮಾಡಿದ ತಳಿ.

ಮೊದಲ ಮೂರು ವರ್ಷ ಊರವರು ಆ ಎಣ್ಣೆಯನ್ನು ಕೊಂಡಾಡಿದರು. ಬೆನ್ನು ಬಗ್ಗಿಸಿ ಕಸ ತೆಗೆಯುವ ಕೆಲಸ ತಪ್ಪಿತ್ತು. ನಾಲ್ಕನೆಯ ವರ್ಷ ಸೂಲಗಿತ್ತಿ ಹೊನ್ನವ್ವ ಬದುವಿನ ಮೇಲೆ ಅಲಸಂದಿ ಊರಿದಳು. ಅದು ಹುಟ್ಟಿತು, ಎರಡೆಲೆ ಬಿಟ್ಟಿತು, ಆಮೇಲೆ ಮುದುರಿಕೊಂಡಿತು. “ಹಸುಗೂಸಿನ ಮುಷ್ಟಿ ಆದಂಗ ಆಗ್ಯಾದ ನೋಡ್ರೆ” ಎಂದು ಆಕೆ ಅದನ್ನು ಕಿತ್ತು ಓಣಿಗೆಲ್ಲ ತೋರಿಸಿದಳು. ಎಣ್ಣೆ ನೆಲದಲ್ಲೇ ಉಳಿಯುತ್ತದೆ ಎಂದು ಜನಕ್ಕೆ ಗೊತ್ತಾದದ್ದು ಹಾಗೆ. ಮಳೆಗೆ ಅದು ಕೊಚ್ಚಿ ಹೋಗಲಿಲ್ಲ, ಬಿಸಿಲಿಗೆ ಆರಲಿಲ್ಲ. ಈಚೆಗೆ ಭತ್ತದ ತೆನೆಯೂ ವರ್ಷದಿಂದ ವರ್ಷಕ್ಕೆ ಜೊಳ್ಳಾಗುತ್ತ ಬಂದಿತ್ತು.

ಸರ್ಕಾರ ಹುಡುಕಿದ ಮದ್ದು ಬೆಂಕಿ. ಮನೆಯಷ್ಟು ಎತ್ತರದ ಭಟ್ಟಿಯೊಂದು ನಲವತ್ತು ಗಾಲಿಗಳ ಮೇಲೆ ಬರುತ್ತಿತ್ತು. ಒಂದು ಅಡಿ ಮೇಲ್ಮಣ್ಣನ್ನು ಕೆರೆದು ಬಾಯಿಗೆ ಹಾಕಿಕೊಂಡು, ಹೊಟ್ಟೆಯಲ್ಲಿ ಸುಟ್ಟು, ಹಿಂದಿನಿಂದ ಕೆಂಪಗೆ ಚೆಲ್ಲುತ್ತ ಹೋಗುತ್ತಿತ್ತು. ಎಣ್ಣೆಯೇನೋ ಹೋಗುತ್ತಿತ್ತು. ಮಣ್ಣೂ ಹೋಗುತ್ತಿತ್ತು. ಪಕ್ಕದ ಮಲ್ಲನಮರಡಿಯನ್ನು ಹೋದ ಬೇಸಿಗೆಯಲ್ಲಿ ಸುಟ್ಟರು. ಈಗ ಅಲ್ಲಿ ಇಟ್ಟಂಗಿಪುಡಿಯಂಥ ಕೆಂಪು ಧೂಳಿನ ಹೊರತು ಏನೂ ಇಲ್ಲ. ಹುಲ್ಲುಕಡ್ಡಿ ಇಲ್ಲ, ಎರೆಹುಳ ಇಲ್ಲ. ಜನರನ್ನು ಪಟ್ಟಣದಾಚೆಯ ತಗಡಿನ ಶೆಡ್ಡುಗಳಿಗೆ ಸಾಗಿಸಿದ್ದಾರೆ.

ಮುಂದಿನ ಸರದಿ ಕಾರಲದಿನ್ನಿಯದಾಗಬೇಕಿತ್ತು. ಅದನ್ನು ತಡೆದು ನಿಲ್ಲಿಸಿದ್ದು ಒಂದು ಬೂಷ್ಟು.

ಊರ ಹೊರಗೆ ಹನ್ನೆರಡು ಗುಂಟೆ ಜಾಗಕ್ಕೆ ತಂತಿಬೇಲಿ ಹಾಕಿ, ತಗಡಿನ ಎರಡು ಕೋಣೆ ಕಟ್ಟಿ, ಡಾಕ್ಟರ್ ತಸ್ನೀಮ್ ಮನಿಯಾರ್ ಎಂಬ ವಿಜ್ಞಾನಿ ಅಲ್ಲಿ ಆ ಬೂಷ್ಟನ್ನು ಬೆಳೆಸುತ್ತಿದ್ದರು. ಒಂದೂವರೆ ವರ್ಷದೊಳಗೆ ಈ ಹನ್ನೆರಡು ಗುಂಟೆಯಲ್ಲಿ ಅವರೆಗಿಡ ನೆಟ್ಟಗೆ ನಿಂತರೆ ಊರಿನ ಒಂಬೈನೂರು ಎಕರೆಗೂ ಇದೇ ಮದ್ದು, ನಿಲ್ಲದಿದ್ದರೆ ಭಟ್ಟಿ. ಹಾಗೆಂದು ಸರ್ಕಾರ ಬರೆದುಕೊಟ್ಟಿತ್ತು.

ಆ ಕೇಂದ್ರದಲ್ಲಿ ಗಾಳೆಮ್ಮ ಕೆಲಸಕ್ಕಿದ್ದಳು. ಇಪ್ಪತ್ತೆರಡರ ಹುಡುಗಿ, ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ತೀರಿಕೊಂಡ ಮೇಲೆ ದೊಡ್ಡವ್ವ ಹೊನ್ನವ್ವನ ಮನೆಯಲ್ಲೇ ಬೆಳೆದಳು. ಶಾಲೆ ಬಿಟ್ಟವಳನ್ನು ಎಣ್ಣೆ ಹೊಡೆಯುವ ಡ್ರೋನಿನ ಕೆಲಸಕ್ಕೆ ಹಾಕಿದ್ದರು. ಹೊಲದ ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುವುದು. ಡ್ರೋನು ತಲೆಯ ಮೇಲೆ ಬಂದು ಹೊರಳಿತೆಂದರೆ ಎಂಟು ಹೆಜ್ಜೆ ಸರಿದು ಮತ್ತೆ ನಿಲ್ಲುವುದು. ಆಗಿನಿಂದ ಅವಳಿಗೆ ತಲೆ ತಗ್ಗಿಸಿ ನಿಲ್ಲುವುದು ರೂಢಿಯಾಯಿತು. ಮಂದಿಯನ್ನು ಮುಖಕ್ಕಿಂತ ಮೊದಲು ಕಾಲಿನಿಂದಲೇ ಗುರುತಿಸುವಳು. ಯಾರ ಹೆಜ್ಜೆ ಎಷ್ಟಗಲ, ಯಾರು ಯಾವ ಕಾಲನ್ನು ಎಳೆಯುತ್ತಾರೆ ಎಲ್ಲ ಅವಳಿಗೆ ಗೊತ್ತು. ಮಾತು ಮಾತ್ರ ಗಂಟಲಿನಲ್ಲೇ ನಿಲ್ಲುತ್ತಿತ್ತು.

ತಸ್ನೀಮ್ ಮೇಡಂಗೆ ಅವಳ ಮೌನದಿಂದ ಬೇಸರವಿರಲಿಲ್ಲ. ಮೊದಲ ದಿನವೇ ಸೀಸೆಯೊಂದನ್ನು ಕೈಗೆ ಕೊಟ್ಟು ತೋರಿಸಿದ್ದರು. ಒಳಗೆ ಹತ್ತಿಯಂತೆ ಬೆಳ್ಳನೆಯ ಎಳೆಗಳು.

“ಇದಕ್ಕ ಹೊಟ್ಟಿ ತುಂಬೋದು ಹುಲ್ಲಿನಿಂದ, ಗಾಳೆಮ್ಮ. ಹುಲ್ಲಿನ್ಯಾಗ, ಕಟಗಿಯೊಳಗ ಒಂದು ಗಟ್ಟಿ ಅಂಶ ಇರ್ತದಲ್ಲ, ಅದನ್ನ ಕತ್ತರಿಸಾಕ ಒಂದು ರಸ ಬಿಡ್ತದ. ಆ ರಸಕ್ಕ ಕಣ್ಣಿಲ್ಲ. ಪಕ್ಕದಾಗ ಎಣ್ಣಿ ಸಿಕ್ಕರ ಅದನ್ನೂ ತುಂಡು ಮಾಡ್ತದ.”

“ಹುಲ್ಲು ಮುಗದ್ರರೀ?”

“ರಸ ನಿಲ್ತದ. ಅದಕ್ಕ ಉಣಿಸ್ತಾನೇ ಇರಬೇಕು. ಹುಲ್ಲು, ಹತ್ತಿಕಟಗಿ, ಶೇಂಗಾ ಹೊಟ್ಟು, ಹಳೇ ಗೊಬ್ಬರ. ಆದ್ರ ಒಂದು ನೆನಪಿಟ್ಕೊ, ಈ ಊರಿನ ಭತ್ತದ ಹುಲ್ಲು ಒಂದೆಳಿ ಒಳಗ ಬರಬಾರ್ದು. ಅದರಾಗ ಎಣ್ಣಿ ಕುಂತಿರ್ತದ. ಆ ಹುಲ್ಲು ತಿಂದ ಎಮ್ಮಿ ಸಗಣಿಯೊಳಗೂ ಹಂಗೇ ಹೊರಗ ಬರ್ತದ. ಎಮ್ಮಿ ಹೊಟ್ಟಿಗೂ ಕರಗಂಗಿಲ್ಲ ಅದು.”

ಗಾಳೆಮ್ಮನ ನಾಲಿಗೆಯ ತುದಿಗೆ ಆಗ ಒಂದು ಪ್ರಶ್ನೆ ಬಂದಿತ್ತು. ಕೇಳಿದರೆ ದಡ್ಡಿ ಅಂದುಕೊಂಡಾರು ಎಂದು ನುಂಗಿಕೊಂಡಳು.

ಹುಲ್ಲೂ ಗೊಬ್ಬರವೂ ಎಣ್ಣೆ ಕಾಣದ ದೂರದ ಎರೆನಾಡಿನಿಂದ ಲಾರಿಯಲ್ಲಿ ಬರುತ್ತಿದ್ದವು. ಹುಲ್ಲನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಬೂಷ್ಟಿನ ಬೀಜ ಕಲಸಿ, ಮಣ್ಣಿನೊಳಗೆ ಗೇಣುದ್ದ ಹೂಳುವುದು. ಹದ ಆರದಂತೆ ನೀರು ಚಿಮುಕಿಸುವುದು. ಇವು ಗಾಳೆಮ್ಮನ ಕೆಲಸ. ಮಧ್ಯಾಹ್ನ ನೋಟದ ಕೋಣೆಯಲ್ಲಿ ಕೂರುವಳು. ಮಣ್ಣಿನಲ್ಲಿ ಮೂವತ್ತಾರು ಕಡ್ಡಿಗಳನ್ನು ಹೂತಿದ್ದರು. ನೆಲದೊಳಗಿನ ಜೀವ ಉಸಿರು ಬಿಟ್ಟರೆ ಆ ಕಡ್ಡಿಗಳಿಗೆ ತಿಳಿಯುತ್ತಿತ್ತು. ಪರದೆಯ ಮೇಲೆ ಮೂವತ್ತಾರು ಗೆರೆಗಳು ಏರಿ ಇಳಿಯುತ್ತಿದ್ದವು. ಮೊದಲ ತಿಂಗಳು ಗೆರೆಗಳೆಲ್ಲ ನೆಲಕ್ಕೆ ಅಂಟಿಕೊಂಡು ಮಲಗಿದ್ದವು. ಮೂರನೆಯ ತಿಂಗಳು ಒಂದು ಎದ್ದಿತು. ವರ್ಷ ತುಂಬುವಷ್ಟರಲ್ಲಿ ಮೂವತ್ತಾರೂ ಉಸಿರಾಡುತ್ತಿದ್ದವು. ಮಣ್ಣನ್ನು ಎತ್ತಿದರೆ ಹೆಂಟೆಯ ತುಂಬ ಬಿಳಿ ಎಳೆ. ಮೂಸಿದರೆ ಮೊದಲ ಮಳೆಯ ವಾಸನೆ. ಗಾಳೆಮ್ಮ ಯಾರೂ ಕಾಣದಾಗ ಒಂದು ಹೆಂಟೆಯನ್ನು ಕೆನ್ನೆಗೆ ಒತ್ತಿಕೊಂಡಿದ್ದಳು.

ಅವಳು ಮನೆಯಲ್ಲಿ ಅದನ್ನು ಹೇಳಬಾರದಿತ್ತೋ ಏನೋ. ಮನೆಯಲ್ಲಿ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು.

“ಹಾಲು ಇಳದಂಗ ಆಗ್ಯಾದ ದೊಡ್ಡವ್ವ. ಎಲ್ಲಿ ಅಗದ್ರೂ ಬೆಳ್ಳಗ.”

ಹೊನ್ನವ್ವ ತಾಟಿಗೆ ಅನ್ನ ಬಡಿಸುತ್ತಿದ್ದಳು. ಅನ್ನದ ಮೇಲೆ ಮಜ್ಜಿಗೆ, ಪಕ್ಕದಲ್ಲಿ ಉಪ್ಪು. ರಾತ್ರಿ ನುಚ್ಚು, ಬೆಳಿಗ್ಗೆ ಅಕ್ಕಿರೊಟ್ಟಿ. ಬೇಳೆ, ಒಣಮೆಣಸಿನಕಾಯಿ ಹೊರಗಿನಿಂದ ಹಬ್ಬಕ್ಕಷ್ಟೇ ಬರುತ್ತಿದ್ದವು. ಸೌಟು ಆಕೆಯ ಕೈಯಲ್ಲೇ ನಿಂತಿತು.

“ಹಾಲು ಇಳದಾವ ಅಂದ್ರ ಬಸಿರಾಗ್ಯಾಳಲೇ ನೆಲದವ್ವ” ಎಂದಳು. “ಹದಿಮೂರು ವರ್ಷ ಬಂಜಿ ಕುಂತಿದ್ಲು. ಸೀಗಿ ಹುಣ್ಣಿಮಿ ಎಂದು ಐತಿ?”

ಹೊನ್ನವ್ವ ಊರಿನ ಅರ್ಧ ಮಂದಿಯನ್ನು ತನ್ನ ಕೈಯಲ್ಲಿ ಹಿಡಿದು ಹೊರತೆಗೆದವಳು. ಈಚೆಗೆ ಆ ಕೈಗಳಿಗೆ ಕೆಲಸ ಕಡಿಮೆಯಾಗಿತ್ತು. ಹೋದ ವರ್ಷ ಪಕ್ಕದ ಮನೆಯ ಬಂಡೆಮ್ಮನ ಸೊಸೆಗೆ ಹೆರಿಗೆ ಮಾಡಿಸಿದ್ದೇ ಕೊನೆ. ಆ ಕೂಸು ಅಳಲೇ ಇಲ್ಲ. ಮುಷ್ಟಿ ಬಿಚ್ಚಲಿಲ್ಲ. ಹೊನ್ನವ್ವ ತನ್ನ ಹೆಬ್ಬೆರಳನ್ನು ಆ ಮುಷ್ಟಿಯೊಳಗೆ ತೂರಿಸಿ ಬಿಚ್ಚಲು ನೋಡುತ್ತ ಬಹಳ ಹೊತ್ತು ಕೂತಿದ್ದಳು. ಅಂಥವಳಿಗೆ ಬಸಿರು ಎಂಬ ಮಾತು ಸಿಕ್ಕರೆ ಸಾಕಿತ್ತು. ಮರುದಿನದೊಳಗೆ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ಕೂತರು.

ಸೀಗೆ ಹುಣ್ಣಿಮೆಯೆಂದರೆ ಆ ಸೀಮೆಯಲ್ಲಿ ಬಸಿರು ಭೂಮಿಗೆ ಉಣಿಸುವ ಹಬ್ಬ. ಅಡುಗೆ ಮಾಡಿ ಹೊಲಕ್ಕೆ ಒಯ್ದು, ಬುಟ್ಟಿಯಿಂದ ಹಿಡಿಹಿಡಿಯಾಗಿ ಚೆಲ್ಲುತ್ತ ಹೊಲ ಸುತ್ತುವುದು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ನೆಲ ಸತ್ತ ಮೇಲೆ ಕಾರಲದಿನ್ನಿಯಲ್ಲಿ ಅದು ನಿಂತಿತ್ತು. ಹೆಣಕ್ಕೆ ಯಾರು ಬಸಿರೂಟ ಒಯ್ದಾರು?

“ಗಾಳವ್ವಾ, ಬೇಲಿ ಕೀಲಿ ನಿನ್ನ ಹಂತ್ಯಾಕ ಐತಿ, ಹೌದಲ್ಲೋ?” ಎಂದಳು ಹೊನ್ನವ್ವ.

“ಒಳಗ ಯಾರೂ ಹೋಗಂಗಿಲ್ಲ ದೊಡ್ಡವ್ವ. ಮೇಡಂ ಹೇಳ್ಯಾರ.”

“ಏನ್ ಹೇಳ್ಯಾರ? ಹುಲ್ಲು ತರಬ್ಯಾಡ, ಸಗಣಿ ತರಬ್ಯಾಡ ಅಂದಾರ. ಚರಗ ಚೆಲ್ಲಬ್ಯಾಡ ಅಂತ ಅಂದಾರೇನು?”

ಅಂದಿರಲಿಲ್ಲ. ಗಾಳೆಮ್ಮ ನೆಲ ನೋಡಿದಳು.

“ಆ ಮೇಡಂ ಬೇಲಿಗಷ್ಟ ಅಲ್ಲ, ಈಕಿ ಬಾಯಿಗೂ ಕೀಲಿ ಹಾಕ್ಯಾಳ” ಎಂದಳು ಬಂಡೆಮ್ಮ. ಹೆಂಗಸರು ನಕ್ಕರು. “ಅಲ್ಲಬೇ, ನಿಮ್ಮ ಬೂಷ್ಟೆವ್ವ ಬರೇ ಹುಲ್ಲು ತಿಂದು ಎಷ್ಟು ದಿನ ಇದ್ದಾಳು? ಬಸುರಿಗೆ ಒಂದು ತುತ್ತು ಮೊಸರನ್ನ ಬ್ಯಾಡೇನು?”

ಬೇಡ ಎನ್ನಲು ಗಾಳೆಮ್ಮನಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಬೇಡ ಎನ್ನಲು ಮನಸ್ಸೂ ಇರಲಿಲ್ಲ.

ಹುಣ್ಣಿಮೆಯ ದಿನ ಮೇಡಂ ಊರಿನಲ್ಲಿರಲಿಲ್ಲ. ಮಣ್ಣಿನ ಮಾದರಿಗಳನ್ನು ಹಿಂದಿನ ದಿನವೇ ಚೀಲಗಳಲ್ಲಿ ತುಂಬಿಕೊಂಡು ದೊಡ್ಡ ಪ್ರಯೋಗಾಲಯಕ್ಕೆ ಹೋಗಿದ್ದರು. ಬಿಸಿಲೇರುವ ಹೊತ್ತಿಗೆ ಹನ್ನೊಂದು ಹೆಂಗಸರು ಬುಟ್ಟಿ ಹೊತ್ತು ಬಂದರು. ಗಾಳೆಮ್ಮ ಕೀಲಿ ತೆಗೆದಳು.

ಮೊದಲಾದರೆ ಚರಗದ ಬುಟ್ಟಿಯಲ್ಲಿ ಸಜ್ಜೆರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಕಾಳಿನ ಉಸುಳಿ ಇರುತ್ತಿದ್ದವು. ಈಗ ಇದ್ದದ್ದು ಮೊಸರನ್ನ, ಅಕ್ಕಿಯ ಕಡುಬು, ಅಕ್ಕಿಯ ಹುಗ್ಗಿ. ಊರಿನಲ್ಲಿ ಬೆಳೆದದ್ದೇ ಅದೊಂದು. ಆದರೂ ಹೆಂಗಸರು ಕಡುಬಿಗೆ ಅರಿಶಿನ ಹಚ್ಚಿ, ಬಣ್ಣ ಬಣ್ಣವಾಗಿ ಕಾಣಲೆಂದು ಬೇರೆ ಬೇರೆ ಬಟ್ಟಲಲ್ಲಿ ಹಾಕಿದ್ದರು.

ಹೊನ್ನವ್ವ ಮುಂದೆ, ತಂಬಿಗೆಯ ನೀರು ಚಿಮುಕಿಸುತ್ತ ಗಾಳೆಮ್ಮ ಹಿಂದೆ, ಬುಟ್ಟಿ ಹೊತ್ತ ಉಳಿದವರು ಅವಳ ಹಿಂದೆ. ಹೊನ್ನವ್ವನ ಎಡಗಾಲ ಚಿಪ್ಪು ಸವೆದಿತ್ತು. ನಾಲ್ಕು ಹೆಜ್ಜೆ ಹಾಕುವಳು, ನಿಲ್ಲುವಳು, ಬಲಗಡೆಗೆ ಎರಡು ಹಿಡಿ ಚೆಲ್ಲುವಳು. ಮತ್ತೆ ನಾಲ್ಕು ಹೆಜ್ಜೆ. ಮೂಲೆಗೆ ಬಂದಾಗ ಮೊಣಕಾಲೂರಿ ಕೂತು ನೆಲವನ್ನು ಸವರಿದಳು, ಬಸುರಿಯ ಹೊಟ್ಟೆ ಸವರಿದ ಹಾಗೆ.

“ಉಣ್ಣು ನಮ್ಮವ್ವ. ಏನೂ ಇಲ್ಲ ನಮ್ಮ ಹಂತ್ಯಾಕ. ಇದ್ದದ್ದು ಇದ. ಉಣ್ಣು.”

ವರ್ಷಗಟ್ಟಲೆ ಕೂಗದ ಕೂಗನ್ನು ಹನ್ನೊಂದು ಹೆಂಗಸರೂ ಕೂಗಿದರು. ಗಾಳೆಮ್ಮನೂ ಕೂಗಿದಳು. ತನ್ನ ದನಿ ಅಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ನೋಟದ ಕೋಣೆಯಲ್ಲಿ ಅವಳು ಪರದೆ ನೋಡಿದಾಗ ಮೂವತ್ತಾರು ಗೆರೆಗಳಲ್ಲಿ ಒಂಬತ್ತು ಮೇಲೆ ಎದ್ದಿದ್ದವು. ನೆಲ ಉಣ್ಣುತ್ತಿದೆ ಎಂದುಕೊಂಡಳು. ಅವಳ ಕಣ್ಣು ತುಂಬಿತು.

ಮೇಡಂ ಎರಡು ದಿನ ಬಿಟ್ಟು ಬಂದರು. ಜೀಪಿನಿಂದ ಇಳಿಯುವಾಗಲೇ ನಗುತ್ತಿದ್ದರು. “ಗಾಳೆಮ್ಮ! ಸೊನ್ನಿ! ಎಲ್ಲಾ ಚೀಲದಾಗೂ ಎಣ್ಣಿ ಸೊನ್ನಿ!” ಎಂದು ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಆಮೇಲೆ ಪರದೆಯ ಮುಂದೆ ಕೂತು, “ಇದೇನು, ಹುಣ್ಣಿಮಿ ದಿವಸ ಇಲ್ಲೆಲ್ಲ ಉಸಿರು ಏರ್ಯದ?” ಎಂದರು.

ಗಾಳೆಮ್ಮ ಬಾಯಿ ತೆರೆದಳು. ಆ ನಗುಮುಖಕ್ಕೆ ಏನೆಂದು ಹೇಳುವುದು?

“ಬಿಸಲು ಇದ್ದೀತು” ಎಂದು ಮೇಡಂ ತಾವೇ ಉತ್ತರ ಕೊಟ್ಟುಕೊಂಡರು.

ಒಂದೂವರೆ ವರ್ಷದ ಗಡುವು ಮುಗಿಯುತ್ತ ಬಂದಿತ್ತು. ಹುಣ್ಣಿಮೆಯಾದ ಆರನೆಯ ದಿನ ಪರೀಕ್ಷೆಯ ಅಧಿಕಾರಿ ಪಂಚಾಕ್ಷರಯ್ಯ ಬಂದರು. ದಪ್ಪ ಕನ್ನಡಕದ, ಸಾವಧಾನದ ಮನುಷ್ಯ. ಯಂತ್ರ ಕೊಡುವ ಸೊನ್ನೆಯನ್ನು ಸರ್ಕಾರ ನಂಬುತ್ತಿರಲಿಲ್ಲ, ಅವರೆಯನ್ನು ನಂಬುತ್ತಿತ್ತು. ಯಂತ್ರಕ್ಕೆ ಕಾಣದಷ್ಟು ಕಡಿಮೆ ಎಣ್ಣೆಯೂ ಅವರೆಯ ಎಲೆಗೆ ಕಾಣುತ್ತದೆ. ಮುದ್ರೆ ಹಾಕಿದ ಡಬ್ಬಿಯಿಂದ ಕಾಳು ತೆಗೆದು, ಇಪ್ಪತ್ತು ಸಾಲು, ಸಾಲಿಗೆ ಇಪ್ಪತ್ತರಂತೆ ನಾನೂರು ಕಾಳುಗಳನ್ನು ಇಡೀ ಹೊಲಕ್ಕೆ ಹರಡಿ ತಾವೇ ನಿಂತು ಊರಿಸಿದರು. ಬೇಲಿಗೆ ತಮ್ಮ ಬೀಗ ಹಾಕಿಕೊಂಡರು.

“ನಾನೂರರಾಗ ಇಪ್ಪತ್ತು ಮುದುರಿದ್ರ ಪಾಸು. ಇಪ್ಪತ್ತೊಂದು ಆದ್ರ ನಾಪಾಸು, ಮೇಡಂ. ಆಮ್ಯಾಲ ನನ್ನ ಕೇಳಬ್ಯಾಡ್ರಿ.”

“ಒಂದೂ ಮುದುರಂಗಿಲ್ಲ ಸರ್” ಎಂದರು ತಸ್ನೀಮ್.

ಕಾಳು ಊರಿದ ಹದಿನಾಲ್ಕನೆಯ ದಿನ ಎಣಿಕೆ. ಊರೆಲ್ಲ ಬೇಲಿಯ ಹೊರಗೆ ನಿಂತಿತ್ತು. ಹದಿಮೂರು ವರ್ಷದ ಮೇಲೆ ಊರಿನ ಮಣ್ಣಿನಲ್ಲಿ ಅಗಲ ಎಲೆ! ಸಾಲು ಸಾಲು ಅವರೆಯ ಸಸಿಗಳು ಅಂಗೈ ತೆರೆದ ಹಾಗೆ ಎಲೆ ಬಿಚ್ಚಿ ನಿಂತಿದ್ದವು. ಹೊನ್ನವ್ವ ಬೇಲಿಯ ತಂತಿ ಹಿಡಿದು ಅಳುತ್ತಲೇ ನಗುತ್ತಿದ್ದಳು.

ಪಂಚಾಕ್ಷರಯ್ಯ ಸಾಲಿನಲ್ಲಿ ನಡೆಯುತ್ತ ಬಂದರು. ಒಂದು ಕಡೆ ಬಗ್ಗಿ ನೋಡಿ, ಸಣ್ಣದೊಂದು ಕೆಂಪು ಬಾವುಟವನ್ನು ಸಸಿಯ ಪಕ್ಕ ಚುಚ್ಚಿದರು. ಸ್ವಲ್ಪ ದೂರ ಹೋಗಿ ಮತ್ತೊಂದು. ಜನರ ಗದ್ದಲ ಮೆಲ್ಲಗೆ ಇಳಿಯಿತು. ಕಡೆಯ ಸಾಲು ಮುಗಿದಾಗ ಮೂವತ್ತೊಂದು ಬಾವುಟಗಳು ಗಾಳಿಗೆ ಅಲುಗುತ್ತಿದ್ದವು. ಮುನ್ನೂರ ಅರವತ್ತೊಂಬತ್ತು ಸಸಿಗಳು ನೆಟ್ಟಗಿದ್ದವು.

ತಸ್ನೀಮ್ ನೋಟದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಗಾಳೆಮ್ಮ ಅಲ್ಲೇ ನಿಂತಿದ್ದಳು. ಕೆಂಪು ಬಾವುಟ ಅವಳಿಗೆ ಹೊಸದಲ್ಲ. ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಲೆಕ್ಕ ಹಿಡಿಯುವುದು ಅವಳ ಕಾಲಿಗೇ ಗೊತ್ತಿತ್ತು. ಮೊದಲ ಬಾವುಟದಿಂದ ಎರಡನೆಯದಕ್ಕೆ ಕಣ್ಣಿನಲ್ಲೇ ಹೆಜ್ಜೆ ಹಾಕಿದಳು. ಒಂದು, ಎರಡು, ಮೂರು, ನಾಲ್ಕು. ಅಲ್ಲಿ ಬಾವುಟ. ಮತ್ತೆ ನಾಲ್ಕು. ಮತ್ತೆ ಬಾವುಟ. ಎಲ್ಲವೂ ನಡೆದವಳ ಬಲಕ್ಕೆ. ಮೂಲೆಯಲ್ಲಿ, ಹೊನ್ನವ್ವ ಮೊಣಕಾಲೂರಿದ ಜಾಗದಲ್ಲಿ, ಐದು ಬಾವುಟ ಒತ್ತಾಗಿ ನಿಂತಿದ್ದವು.

ದೊಡ್ಡವ್ವನ ಕುಂಟು ಹೊಲದ ತುಂಬ ಬರೆದಿತ್ತು.

ಅಂದು ನುಂಗಿಕೊಂಡ ಪ್ರಶ್ನೆ ಈಗ ಮರಳಿ ಬಂದಿತು. ಹುಲ್ಲಿನಲ್ಲಿ ಎಣ್ಣೆ ಇದೆ. ಸಗಣಿಯಲ್ಲಿ ಇದೆ. ಹಾಗಾದರೆ ಅದೇ ಭತ್ತದ ಕಾಳಿನಲ್ಲಿ, ಅಕ್ಕಿಯಲ್ಲಿ?

ಹೇಳಿದರೆ ಬೇಲಿ ತೆರೆದವಳು ತಾನೇ ಎಂದು ಒಪ್ಪಬೇಕು. ಹೇಳದಿದ್ದರೆ ಈ ಮಣ್ಣು ಸುಡುತ್ತದೆ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು. ಮೇಡಂ ಮೇಜಿನ ಮೇಲೆ ಹಣೆ ಇಟ್ಟುಕೊಂಡಿದ್ದರು. ಗಾಳೆಮ್ಮ ಪರದೆಯಲ್ಲಿ ಹುಣ್ಣಿಮೆಯ ದಿನವನ್ನು ತೆರೆದು, ಎದ್ದು ನಿಂತ ಒಂಬತ್ತು ಗೆರೆಗಳ ಮೇಲೆ ಬೆರಳಿಟ್ಟಳು. ಆಮೇಲೆ ಕಿಟಕಿಯಾಚೆಯ ಬಾವುಟಗಳನ್ನು ತೋರಿಸಿದಳು.

“ಬಿಸಲು ಅಲ್ರೀ ಮೇಡಂ” ಎಂದಳು. “ನಾವು ಉಣಿಸಿದ್ವಿ.”

“ಏನು?”

“ಚರಗ. ನಾನ ಕೀಲಿ ತಗದೆ. ಮೊಸರನ್ನ, ಕಡಬು. ಎಲ್ಲೆಲ್ಲಿ ಚೆಲ್ಲೇವಿ ಅಲ್ಲೇ ಮುದುರ್ಯಾವ. ಬ್ಯಾರೆ ಕಡಿ ಒಂದೂ ಇಲ್ಲ, ನೋಡ್ರಿ.”

ತಸ್ನೀಮರ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದು ಅರ್ಧಕ್ಕೇ ನಿಂತಿತು.

“ಯಾವ ಅಕ್ಕಿ?”

“ನಮ್ಮದ ರೀ. ಎಲ್ಲಾರೂ ಉಣ್ಣೂದು.”

ಹೊರಗೆ ಜನ ಗುಜುಗುಜು ಮಾತಾಡುತ್ತಿದ್ದರು. ತಸ್ನೀಮ್ ಒಂದು ಕಾಗದದ ಮೇಲೆ ಏನೋ ಗುಣಿಸಿದರು, ಹೊಡೆದುಹಾಕಿ ಮತ್ತೆ ಗುಣಿಸಿದರು. “ಎರಡು ಹಿಡಿ ಅನ್ನ ಸಾಕು” ಎಂದರು ತಮ್ಮಷ್ಟಕ್ಕೆ. “ಅವರಿ ಎಲಿ ಮುದುರಾಕ ಅಷ್ಟ ಸಾಕು. ಕಾಳಿನ್ಯಾಗ ಇರಂಗಿಲ್ಲ ಅಂತ ತಳಿ ಮಾಡಿದವರು ಕಾಗದ ಕೊಟ್ಟಿದ್ರು. ನಾನು ಕಾಗದ ನಂಬಿದೆ. ಇನ್ನೆರಡು ತಿಂಗಳು ಬಿಟ್ಟಿದ್ರ ಬೂಷ್ಟು ಇದನ್ನೂ ಕತ್ತರಿಸಿ ಮುಗಿಸ್ತಿತ್ತು, ಗಾಳೆಮ್ಮ. ಎರಡು ತಿಂಗಳು.”

ಪಂಚಾಕ್ಷರಯ್ಯ ಜೀಪಿನ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ತಸ್ನೀಮ್ ಎಲ್ಲವನ್ನೂ ಹೇಳಿದರು. ಗೆರೆಗಳ ಚಿತ್ರ ತೋರಿಸಿದರು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಗಾಳೆಮ್ಮನ ಕಡೆ ತಿರುಗಿದರು.

“ನೀನ ನೋಡಿದ್ಯೇನವ್ವ ಇದನ್ನ? ಎಷ್ಟು ಓದೀದಿ?”

“ಏಳನೇತ್ತಾ ರೀ.”

“ಇಲಾಖೆಯೊಳಗ ಓದಿದವರು ಭಾಳ ಮಂದಿ ಅದೀವಿ. ಯಾರಿಗೂ ಕಾಣಲಿಲ್ಲ.” ಅವರು ತಮ್ಮ ಡಬ್ಬಿಯನ್ನು ನೋಡಿಕೊಂಡರು. ಒಳಗೆ ಚಿತ್ರಾನ್ನ. ಮುಚ್ಚಳ ಹಾಕಿ ನಿಧಾನವಾಗಿ ಒತ್ತಿದರು. “ಖರೇನ ಇರಬೇಕು. ಸುಳ್ಳು ಅಂತ ನಾ ಅನ್ನಂಗಿಲ್ಲ.”

“ಹಂಗಾದ್ರ ಮಣ್ಣು ಪಾಸು ಅಂತ ಬರೀರಿ ಸರ್.”

“ಮಣ್ಣು ಪಾಸಾಗಬೇಕಂದ್ರ ಅಕ್ಕಿ ನಾಪಾಸಾಗಬೇಕು ಮೇಡಂ. ನಾನು ಹಂಗ ಬರದೆ ಅಂತ ಇಟ್ಕೊಳ್ರಿ. ನಾಕು ಜಿಲ್ಲಾ ಇದ ಅಕ್ಕಿ ಉಣ್ತಾವ. ಸಾಲಿ ಮಕ್ಕಳು ಉಣ್ತಾವ. ದವಾಖಾನಿಯೊಳಗ ಇದ ಗಂಜಿ. ನಾಳಿ ಮುಂಜಾನಿ ಅವರಿಗೆ ಏನ್ ಉಣಸಲಿ? ನೀವು ಹೇಳ್ರಿ, ಬರೀತೀನಿ.”

ತಸ್ನೀಮ್ ಬೇಲಿಯ ಕಡೆ ನೋಡಿದರು. ಅಗಲ ಎಲೆಯ ಬೆಳೆ ಆ ನಾಲ್ಕು ಜಿಲ್ಲೆಯಲ್ಲಿ ಈ ಬೇಲಿಯೊಳಗಷ್ಟೇ ಇತ್ತು.

“ಮೂವತ್ತೊಂದು” ಎಂದು ಪಂಚಾಕ್ಷರಯ್ಯ ಬರೆದರು. ಕೆಳಗೆ ಸಹಿಯನ್ನು ಅರ್ಧಕ್ಕೆ ನಿಲ್ಲಿಸಿದರು. ಪೆನ್ನು ಸರಿಯಿಲ್ಲ ಎಂಬಂತೆ ಅದನ್ನು ಕೊಡವಿ ಮುಗಿಸಿದರು. ಡಬ್ಬಿಯನ್ನು ಎಸೆಯಲಿಲ್ಲ. ಸೀಟಿನ ಕೆಳಗೆ ಇಟ್ಟುಕೊಂಡು ಹೋದರು.

ತಸ್ನೀಮ್ ಮೇಲಿನವರಿಗೆ ಪತ್ರ ಬರೆದರು, ಫೋನು ಮಾಡಿದರು, ತಾವೇ ಹೋಗಿ ಎರಡು ದಿನ ಬಾಗಿಲು ಕಾದರು. ಉತ್ತರವಾಗಿ ಬಂದದ್ದು ಕೇಂದ್ರ ಮುಚ್ಚುವ ಆದೇಶ. ಸೀಸೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಒಪ್ಪಿಸಬೇಕು, ಅಕ್ಕಿಯ ವಿಚಾರ ಎಲ್ಲಿಯೂ ಆಡಬಾರದು ಎಂದಿತ್ತು. ಹೊರಡುವ ದಿನ ಅವರು ಗಾಳೆಮ್ಮನ ಮುಂದೆ ನಿಂತು, “ನಿನ್ನ ಮ್ಯಾಲ ಸಿಟ್ಟಿಲ್ಲ ನನಗ” ಎಂದರು. “ನಾನು ನಿಮ್ಮನ್ನ ಒಂದ ಮಾತು ಕೇಳಿದ್ರ ಮುಗೀತಿತ್ತು, ವರ್ಷದಾಗ ಈ ನೆಲಕ್ಕ ನೀವು ಏನೇನ್ ಮಾಡ್ತೀರಿ ಅಂತ. ಕೇಳಲೇ ಇಲ್ಲ.”

ಜೀಪು ಹೋದ ಮೇಲೆ ಗಾಳೆಮ್ಮ ಹೊಲಕ್ಕಿಳಿದು, ಬಾವುಟ ಇಲ್ಲದ ಕಡೆಯಿಂದ ನಾಲ್ಕು ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ಎತ್ತಿ ಒಡಕು ಕೊಡವೊಂದರಲ್ಲಿ ನೆಟ್ಟುಕೊಂಡು ಮನೆಗೆ ತಂದಳು.

ಊರಿಗೆಲ್ಲ ಸುದ್ದಿ ಹಬ್ಬಿತ್ತು, ಅದೂ ತಿರುಚಿಕೊಂಡು.

“ಚರಗ ಚೆಲ್ಲಿದ್ದಕ್ಕ ನೆಲ ಕೆಡ್ತಂತ! ಅನ್ನ ಇಸ ಅಂತ!” ಬಂಡೆಮ್ಮ ಓಣಿಯಲ್ಲಿ ನಿಂತು ಕೂಗಿದಳು. “ಮೇಡಂನ ಸೆರಗಿನ್ಯಾಗ ಇದ್ದು ಇದ ಕಲತಳೇನ ನಿಮ್ಮ ಹುಡುಗಿ?”

ಹೊನ್ನವ್ವ ರಾತ್ರಿ ಬಡಿಸುವಾಗ ತಾಟನ್ನು ಸದ್ದಾಗುವಂತೆ ಇಟ್ಟಳು. “ಹದಿಮೂರು ವರ್ಷ ಉಂಡೀವಿ. ಸತ್ತೇವೇನು? ನಾನು ನನ್ನ ಕೈಯಾರ ಉಣಿಸಿದ್ದು ಇಸ ಅಂತೀಯೇನಲೇ ನೀನು?”

ಗಾಳೆಮ್ಮ ತಾಟಿನಲ್ಲಿದ್ದದ್ದನ್ನು ಉಂಡಳು. ಹಸಿವಾಗಿತ್ತು.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಭಟ್ಟಿ ಬಂತು. ಮೊದಲು ಹನ್ನೆರಡು ಗುಂಟೆಯ ಬೇಲಿ ಕಿತ್ತರು. ಮುನ್ನೂರ ಅರವತ್ತೈದು ಸಸಿಗಳು ಅಷ್ಟೊತ್ತಿಗೆ ಹೂ ಬಿಡುವ ಹದದಲ್ಲಿದ್ದವು. ಕೆರೆಯುವ ಬಾಯಿ ಒಳಗೆಳೆದುಕೊಂಡಾಗ ಹಸಿ ಅವರೆಯ ಸೊಗಡು ಒಂದು ಕ್ಷಣ ಕಾಲುವೆಯ ಏರಿಯವರೆಗೂ ಬಂತು. ಆ ವಾಸನೆ ಮರೆತೇಹೋಗಿದ್ದ ಮುದುಕಿಯರು ಮೂಗು ಎತ್ತಿದರು. ಆಮೇಲೆ ಬರೀ ಸುಟ್ಟ ನಾತ. ಬಿಳಿ ಎಳೆ ತುಂಬಿದ ಕಪ್ಪು ಮಣ್ಣು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಕೆಂಪಗೆ ಸುರಿಯಿತು. ಹೊನ್ನವ್ವ ಏರಿಯ ಮೇಲೆ ಕೂತು ಕೊನೆಯವರೆಗೂ ನೋಡಿದಳು. ಬಸುರಿಯನ್ನು ಸುಟ್ಟರಲ್ಲ ಎಂದು ಯಾರೋ ಅಂದರು.

ಊರಿನ ಉಳಿದ ಹೊಲಗಳನ್ನು ಮುಗಿಸಲು ಭಟ್ಟಿಗೆ ಎರಡು ತಿಂಗಳು ಬೇಕಿತ್ತು. ಅಲ್ಲಿಯವರೆಗೆ ಜನ ಮನೆಗಳಲ್ಲಿ ಇರಬಹುದು, ಅಂಗಡಿಯ ಅಕ್ಕಿ ಪಡೆಯಬಹುದು ಎಂದು ಹೇಳಿದ್ದರು.

ಒಂದು ಮಧ್ಯಾಹ್ನ ಗಾಳೆಮ್ಮ ನೀರು ತಂದು ಒಳಗೆ ಬರುವಾಗ ಹೊನ್ನವ್ವ ಬಾಗಿಲ ಪಕ್ಕದ ಒಡಕು ಕೊಡದ ಮುಂದೆ ಕೂತಿದ್ದಳು. ಉಣ್ಣುವ ತಾಟು ತೊಡೆಯ ಮೇಲಿತ್ತು. ತಾಟಿನಿಂದ ಎರಡು ಹಿಡಿ ಅನ್ನ ತೆಗೆದು ಒಂದೇ ಸಸಿಯ ಬುಡಕ್ಕೆ ಇಟ್ಟಳು. ಉಳಿದ ಮೂರಕ್ಕೆ ಇಡಲಿಲ್ಲ. ಅನ್ನವನ್ನು ಮಣ್ಣಿನಲ್ಲಿ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿ, ಕೈ ತೊಳೆದುಕೊಂಡಳು. ಗಾಳೆಮ್ಮ ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಹೊನ್ನವ್ವ ದಿನಾ ಎದ್ದ ಕೂಡಲೇ ಅಲ್ಲಿ ಕೂರುತ್ತಿದ್ದಳು. ಹೆರಿಗೆಮನೆಯಲ್ಲಿ ಕಾಯುವ ಹಾಗೆ. ಮೂರನೆಯ ದಿನ ಕುಡಿ ಸ್ವಲ್ಪ ಬಾಗಿತು. “ನೀರು ಕಡಿಮಿ ಆಗ್ಯಾವ” ಎಂದು ಹೇಳಿ ನೀರು ಹಾಕಿದಳು. ಆರನೆಯ ದಿನ ಬೆಳಿಗ್ಗೆ ಹೊಸ ಎಲೆಗಳು ಮೂರೂ ಒಳಮುಖವಾಗಿ ಮುದುರಿದ್ದವು. ಪಕ್ಕದ ಮೂರು ಸಸಿಗಳು ಅಂಗೈ ತೆರೆದು ನಿಂತಿದ್ದವು.

ಹೊನ್ನವ್ವ ಮುದುರಿದ ಎಲೆಯೊಳಗೆ ಹೆಬ್ಬೆರಳಿನ ತುದಿ ತೂರಿಸಿದಳು. ನೋವಾದೀತು ಎಂಬಂತೆ ಬಹಳ ನಿಧಾನವಾಗಿ ಬಿಚ್ಚಲು ನೋಡಿದಳು. ಬಿಡಿಸಿದಷ್ಟು ಹೊತ್ತು ತೆರೆದಿತ್ತು. ಬೆರಳು ತೆಗೆದ ಕೂಡಲೇ ಮತ್ತೆ ಮುಚ್ಚಿಕೊಂಡಿತು. ಇನ್ನೊಮ್ಮೆ ನೋಡಿದಳು. ಪಕ್ಕದ ಮನೆಯ ಗೋಡೆಯ ಕಡೆ, ಬಂಡೆಮ್ಮನ ಸೊಸೆ ಮಲಗುವ ಕೋಣೆಯ ಕಡೆ, ಆಕೆಯ ಕಣ್ಣು ಹೋಯಿತು. ಅಲ್ಲೇ ನಿಂತಿತು.

ಗಾಳೆಮ್ಮ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ದೊಡ್ಡವ್ವ ಏನಾದರೂ ಅಂದಾಳು ಎಂದು. ಬೈದರೂ ಆಗುತ್ತಿತ್ತು.

ಹೊನ್ನವ್ವ ಗೋಡೆ ಹಿಡಿದು ಎದ್ದಳು. ಕುಂಟುತ್ತ ಒಳಗೆ ಹೋಗಿ ಒಲೆ ಹಚ್ಚಿದಳು. ಡಬ್ಬಿಯಿಂದ ಎರಡು ಪಾವು ಅಕ್ಕಿ ಅಳೆದು ಬೋಗುಣಿಗೆ ಹಾಕಿ, ನೀರು ಸುರಿದು ತೊಳೆದಳು. ಚೆಲ್ಲಿದಳು. ಎರಡನೆಯ ಸಲ ತೊಳೆದು ಚೆಲ್ಲಿದಳು. ಎಂದೂ ಅಷ್ಟಕ್ಕೇ ಒಲೆಗಿಡುವವಳು ಬೋಗುಣಿಯನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಮತ್ತೊಂದು ತಂಬಿಗೆ ನೀರು ಹಾಕಿ, ಇನ್ನೊಮ್ಮೆ ತೊಳೆದಳು.